ಚೌಕಾಸಿ ಇಲ್ಲ

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ನನ್ನದು
ಮೂವತ್ತೊಂದು ವರ್ಷದ ಹಳೇ ಪುಸ್ತಕದ ವ್ಯಾಪಾರ.
ಕಾಲಡಿ ಮೆಟ್ರೋ ಹಾದಾಗಲೆಲ್ಲ
ಗೈಡುಗಳ ಗೋಪುರ ಸಣ್ಣಗೆ ನಡುಗುತ್ತದೆ,
ಒಂದು ಮಾದಾವರದ ಕಡೆ, ಒಂದು ರೇಷ್ಮೆ ಸಂಸ್ಥೆಯ ಕಡೆ.
"ನಲವತ್ತಕ್ಕೆ ನಲವತ್ತು ಕೂಡಿದ್ರೆ ಎಂಬತ್ತು.
ಒಂದರೊಳಗೆ ಕೂತು ಇನ್ನೊಂದನ್ನ ನೋಡಿದ್ರೆ
ಅಷ್ಟು ಜೋರಾಗಿ ದೂರ ಹೋಗುತ್ತೆ ಸಾರ್" ಅಂದ ಧನಪಾಲ.

ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಹಗಲೆಲ್ಲ ಬಟ್ಟೆ ಅಳೆದು
ಸಂಜೆ ಕಾಲೇಜಿಗೆ ಹೋಗುವ ಹುಡುಗ;
ಬೆರಳ ತುದಿಗೆ ಜರಿಯ ಪುಡಿ.
ಕೊಳ್ಳದೆ, ನಿಂತೇ, ಒಂದು ಫಿಸಿಕ್ಸ್ ಪುಸ್ತಕವನ್ನು
ಮುಕ್ಕಾಲು ಮುಗಿಸಿದ್ದಾನೆ.

"ಈಗ ಮೆಟ್ರೋ ಬಿಡಿ. ಬೆಳಕಿನ ಮುಕ್ಕಾಲು ವೇಗದಲ್ಲಿ
ಒಂದು ಬಂಡಿ ಆ ಕಡೆ, ಒಂದು ಬಂಡಿ ಈ ಕಡೆ. ಹೇಳಿ."
ನಾನು ಮಗ್ಗಿ ಕಲಿತವನು. ಕಾಲು, ಅರೆ, ಮುಕ್ಕಾಲು
ಬಾಯಿಪಾಠ, ಮೇಷ್ಟ್ರ ಬೆತ್ತದ ಸಮೇತ.
"ಮುಕ್ಕಾಲೂ ಮುಕ್ಕಾಲೂ ಒಂದೂವರೆ" ಅಂದೆ.

"ಫುಟ್‌ಪಾತಿನ ಮೇಲೆ ಕೂತ ನಿಮಗೆ ಅದು ಸರಿ.
ನಡುವಿನ ಬಯಲು ಒಂದೂವರೆಯಷ್ಟೇ ಬೆಳೆಯುತ್ತೆ.
ಬಯಲು ಬೆಳೆದ್ರೆ ಯಾರೂ ಓಡಿದಂತಾಗಲಿಲ್ಲ.
ಆದ್ರೆ ಬಂಡಿಯೊಳಗೆ ಕೂತವನನ್ನ ಕೇಳಿ,
ಬೆಳಕು ಒಂದು ರೂಪಾಯಿ ಅಂದ್ರೆ
ಅವನ ಲೆಕ್ಕಕ್ಕೆ ಆ ಇನ್ನೊಂದು ಬಂಡಿ
ತೊಂಬತ್ತಾರು ಪೈಸೆ. ಅಷ್ಟೇ."

ಮಿಕ್ಕ ಐವತ್ನಾಲ್ಕು ಪೈಸೆ ಯಾರು ಹೊಡೆದರು?
ನಾನು ಕೇಳುವುದು ನ್ಯಾಯ ತಾನೆ, ವ್ಯಾಪಾರಸ್ಥ.
"ಯಾರೂ ಹೊಡೆದಿಲ್ಲ ಸಾರ್.
ನಿಮ್ಮ ಗಜ ಬೇರೆ, ಅವನ ಗಜ ಬೇರೆ;
ನಿಮ್ಮ ಗಡಿಯಾರದ ಗಂಟೆಯೂ ಅವನದಲ್ಲ.
ಬೇರೆ ಬೇರೆ ಕಡ್ಡಿಯಲ್ಲಿ ಅಳೆದ ಎರಡು ತುಂಡು
ಜೋಡಿಸಿ ಸೀರೆ ಅನ್ನೋಕಾಗುತ್ತಾ?"

ಕಡ್ಡಿ ಮೋಟಾಗುವುದು ನನಗೂ ಗೊತ್ತು:
ಪೇಟೆಯಲ್ಲಿ ಗಿರಾಕಿಯ ಮುಖ ನೋಡಿ
ಗಜ ಕುಗ್ಗಿಸಿದವರನ್ನು ಕಂಡಿದ್ದೇನೆ.
ಇದು ಮೋಸವಲ್ಲವಂತೆ.
ಬೆಳಕಿನದೊಂದೇ ಅಂಗಡಿ ಬೋರ್ಡು ಹಾಕಿದೆ, ಚೌಕಾಸಿ ಇಲ್ಲ ಅಂತ.
ಎದುರು ಓಡಿ ಬಂದವನಿಗೂ, ಬೆನ್ನು ತಿರುಗಿಸಿ ಓಡಿದವನಿಗೂ
ಅದೇ ದರ. ಆ ದರ ಉಳಿಯಲೆಂದು
ಗಜ ಬಗ್ಗುತ್ತದೆ, ಗಂಟೆ ಬಗ್ಗುತ್ತದೆ,
'ಈಗ' ಎಂಬ ಮಾತೂ ಊರಿಗೊಂದಾಗುತ್ತದೆ.

ಹಾಗಾದರೆ ನಮ್ಮ ಮೆಟ್ರೋ?
ಅಲ್ಲೂ ಎಂಬತ್ತಕ್ಕೆ ಒಂದು ಕೂದಲು ಕಮ್ಮಿಯೇ ಅಂದ;
ಕೂದಲೂ ಅಲ್ಲ, ಅದರ ನೆರಳು ಸೀಳಿದ ಎಳೆ.
ಕೌಂಟರಿನಲ್ಲಿ ಅದಕ್ಕೆ ಚಿಲ್ಲರೆ ಕೊಡುವುದಿಲ್ಲ.

ನೂರೈವತ್ತು ಅಂದೆ ಪುಸ್ತಕಕ್ಕೆ. ನೂರು ಅಂದ.
ನೂರಿಪ್ಪತ್ತಕ್ಕೆ ಇಳಿದೆ. ನಾನೇನು ಬೆಳಕೇ?
ಆರೂವರೆಗೆ ಕ್ಲಾಸು. ಪುಸ್ತಕ ಕಂಕುಳಲ್ಲಿ ಒತ್ತಿ
ತಳ್ಳುಗಾಡಿಗಳ ನಡುವೆ ನುಗ್ಗಿ
ಆಗಷ್ಟೇ ಹತ್ತಿದ ಬೀದಿದೀಪದ ಕಡೆಗೆ ಓಡಿದ.
ನಾನು ಅದೇ ದೀಪಕ್ಕೆ ಬೆನ್ನು ಹಾಕಿ
ಟಾರ್ಪಾಲಿನ ಹಗ್ಗ ಎಳೆಯುತ್ತ ಎರಡು ಹೆಜ್ಜೆ ನಡೆದೆ.
ಅವನ ಕಣ್ಣಿಗೂ ನನ್ನ ಕುತ್ತಿಗೆಗೂ
ಬೆಳಕು ಒಂದೇ ವೇಗದಲ್ಲಿ ಬಂತು.
ಹಗ್ಗ ಮಾತ್ರ ಒಂದು ಗೇಣು ಸಾಲದಾಯಿತು.