ಪಟ್ಟಿಗೆ ಬಿದ್ದ ಎಣ್ಣೆ

ಕೊಚ್ಚಿಯಿಂದ ಎರಡು ದಿವಸಕ್ಕೆಂದು ಲಾರಿಯಲ್ಲಿ ಬಂದ ಕಾರು
ಕದ್ರಿಯ ಹೋಟೆಲಿನ ಅಂಗಳದಲ್ಲಿ ಮಲಗಿತ್ತು,
ಹೊಟ್ಟೆ ನೆಲಕ್ಕೆ ತಾಗುವ ಹಾಗೆ.
ನಾನು ಡೀಸೆಲಿನವ. ಎಕ್ಸ್‌ಪ್ರೆಸ್ ಬಸ್ಸುಗಳ ಅಡಿಯಲ್ಲಿ
ಮೂವತ್ತೊಂದು ವರ್ಷ ಅಂಗಾತ ಬಿದ್ದವ.
ಆದರೂ ಹಿಲ್ಡಾ ಡಾಕ್ಟ್ರು ಫೋನು ಮಾಡಿ
"ಐತಪ್ಪಣ್ಣ, ಒಮ್ಮೆ ಬಂದು ನೋಡಿ" ಎಂದರೆ
ಇಲ್ಲ ಎನ್ನುವುದು ಹೇಗೆ?
ನನ್ನ ಹರ್ನಿಯಕ್ಕೆ ನಿದ್ದೆ ಕೊಟ್ಟವರು ಅವರು.

ಕಾರು ತೆಗೊಳ್ಳುವುದು ನಿಶ್ಚಯ. ಪ್ರಶ್ನೆ ಅದಲ್ಲ.
ಪ್ರಶ್ನೆ, ಕಿನ್ನಿಗೋಳಿಯ ಹುಡುಗ ನಿಶ್ಮಿತ್
ಟೈಯೊಳಗೆ ಬೆವರುತ್ತಾ ಕೊಟ್ಟ ಕಾಗದದ್ದು:
ಬೇಕಾದರೆ ಹಾಕಿಸಿಕೊಳ್ಳಿ ಎನ್ನುವ ಮೂರು ಪುಟ,
ಸಣ್ಣ ಅಕ್ಷರ, ದೊಡ್ಡ ಅಂಕೆ.
ಸೆರಾಮಿಕ್ ಬ್ರೇಕು, ಹನ್ನೊಂದು ಲಕ್ಷ.
ಕಾರ್ಬನ್ನಿನ ಮಾಡು. ಗುಡುಗುವ ಸೈಲೆನ್ಸರು
(ಗುಡುಗುವುದಕ್ಕೆ ಸೈಲೆನ್ಸರೆಂದು ಹೆಸರು ಯಾಕೋ).
ಹಿಂದಿನ ಚಕ್ರವೂ ತಿರುಗುವ ವಿದ್ಯೆ.
ಮತ್ತೆ ಒಂದು ಸ್ವಿಚ್ಚು. ಒತ್ತಿದರೆ
ಸೊನ್ನೆಯಿಂದ ನೂರಕ್ಕೆ
ಪಾಯಿಂಟ್ ಎರಡು ಸೆಕೆಂಡು ಬೇಗ.

ಎಲ್ಲಿ ಓಡಿಸುವುದು ಡಾಕ್ಟ್ರೇ, ಎಂದೆ.
ನಂತೂರಿನಿಂದ ಪಂಪ್‌ವೆಲ್ಲಿಗೆ ಸಂಜೆ ಅರ್ಧ ಗಂಟೆ.
ಕೂಳೂರು ಸೇತುವೆಯಲ್ಲಿ ಗ್ಯಾಸ್ ಟ್ಯಾಂಕರಿನ ಹಿಂದೆ
ಉಳಿಸಿದ ಆ ಪಾಯಿಂಟ್ ಎರಡನ್ನು
ಯಾವ ಕಿಸೆಯಲ್ಲಿ ಹಾಕುವುದು?
ಮಾಡು ಹತ್ತು ಕಿಲೋ ಕಮ್ಮಿಯಂತೆ. ಬಂದರಿನಿಂದ ನೀವು
ಎರಡು ಅಂಜಲ್ ತಂದರೆ ಮುಗಿಯಿತು ಲೆಕ್ಕ.
ಉಡುಪಿ ಬಸ್ಸುಗಳ ರೇಸು ಕಂಡವ ನಾನು.
ಟೈಮ್‌ಕೀಪರನ ಚೀಟಿಗೆ ಹೆದರಿ ಹಾರ್ನಿನಲ್ಲೇ ಓಡುತ್ತವೆ;
ಆ ವೇಗದಲ್ಲಿ ಮುಕ್ಕಾಲು ಡ್ರೈವರನ ಹೊಟ್ಟೆಯ ಸಂಕಟ,
ಕಾಲು ಮಾತ್ರ ಎಂಜಿನು.

ಡಾಕ್ಟ್ರು ನಕ್ಕರು. ಅವರ ನಗೆಗೆ ಶಬ್ದ ಕಮ್ಮಿ,
ಆಪರೇಷನ್ ಕೋಣೆಯ ಅಭ್ಯಾಸ.
"ಮೂವತ್ತು ವರ್ಷ ನಾನು ಮಂದಿಯನ್ನು ನಿಧಾನ ಮಾಡಿದವಳು.
ಹತ್ತರಿಂದ ಹಿಂದಕ್ಕೆ ಎಣಿಸಿ ಎನ್ನುತ್ತೇನೆ,
ಏಳಕ್ಕೆ ಬರುವಾಗ ಯಾರೂ ಇರುವುದಿಲ್ಲ.
ಆ ಎಂಟಕ್ಕೂ ಏಳಕ್ಕೂ ನಡುವೆ ಎಂತ ಉಂಟು ಅಂತ
ನನಗೊಮ್ಮೆ ಕಣ್ಣು ಬಿಟ್ಟು ನೋಡಬೇಕು."

ಮರುದಿನ ಬೆಳಿಗ್ಗೆ ಐದೂಕಾಲು. ಸುರತ್ಕಲ್ ದಾಟಿದ ಹೆದ್ದಾರಿ ಖಾಲಿ.
ಪಟ್ಟಿಯಲ್ಲಿರುವುದೆಲ್ಲ ಈ ಕಾರಿಗೆ ಹಾಕಿಯಾಗಿದೆ.
ನಾನು ಕಾಲು ಚಾಚಿ, ದೋಣಿಯಲ್ಲಿ ಕೂತವನ ಹಾಗೆ.
ಸ್ವಿಚ್ಚು ಒತ್ತಿದರು.

ಹೇಗೆ ಹೇಳುವುದು ಮಾರಾಯ್ರೆ.
ಹೊಟ್ಟೆ ಮುಕ್ಕದಲ್ಲಿ ಉಳಿಯಿತು, ತಲೆ ಹಳೆಯಂಗಡಿಯಲ್ಲಿತ್ತು,
ನಡುವಿನಲ್ಲಿ "ಅಪ್ಪೇ" ಎಂದು ಯಾರೋ ಕೂಗಿದರು,
ಅದು ನಾನೇ.
ಡಾಕ್ಟ್ರ ಕಣ್ಣು ತೆರೆದೇ ಇತ್ತು.

ಆಮೇಲೆ ಒಂದು ನಾಯಿ.
ಬ್ರೇಕು. ಕಾರು ನಿಂತಿತು,
ಯಾರೋ ಹೆಸರು ಹಿಡಿದು ಕರೆದ ಹಾಗೆ.
ನಾಯಿ ನಮ್ಮನ್ನು ನೋಡಿತು,
ಅರ್ಧವಾಗಿದ್ದ ಕೆರೆತ ಪೂರ್ತಿ ಮಾಡಿತು, ಹೋಯಿತು.

ಮುಲ್ಕಿಯ ಹೋಟೆಲಿನಲ್ಲಿ ಬನ್ಸು, ಚಾ. ಪಟ್ಟಿ ಮೇಜಿನ ಮೇಲೆ.
"ಗೀಟು ನೀವೇ ಹಾಕಿ" ಎಂದು ಪೆನ್ನು ಕೊಟ್ಟರು.
ಮಾಡಿಗೆ ಗೀಟು.
ಸೈಲೆನ್ಸರಿಗೆ ಗೀಟು, ಅವರ ನೆರೆಕರೆಯವರ ಪುಣ್ಯ.
ಹಿಂದಿನ ಚಕ್ರಕ್ಕೂ. ಮುಂದಿನದ್ದು ತಿರುಗಿದರೆ ಸಾಕು.
ಬ್ರೇಕು ಇರಲಿ, ಎಂದೆ. ಕಡಲ ಗಾಳಿಗೆ ತುಕ್ಕು ಹಿಡಿಯದ ಸಾಮಾನು.
"ಹನ್ನೊಂದು ಲಕ್ಷದ ನಾಯಿ" ಎಂದರು ಡಾಕ್ಟ್ರು.
ಸ್ವಿಚ್ಚಿನ ಸಾಲಿಗೆ ಬಂದೆ.
ನಿನ್ನೆಯಾದರೆ ಮೊದಲ ಗೀಟು ಅದಕ್ಕೇ.

ಪೆನ್ನು ಎತ್ತಿಯೇ ಇತ್ತು. ಬೆರಳಿನ ಬನ್ಸಿನ ಎಣ್ಣೆ
ಅಲ್ಲೇ ತಾಗಿ ಕಾಗದ ಗಾಜಿನ ಹಾಗಾಯಿತು,
ಹಿಂದಿನ ಪುಟದ ಅಕ್ಷರ ತಿರುಗಾಮುರುಗಾ ಕಂಡಿತು:
ಪದೇ ಪದೇ ಒತ್ತಿದರೆ ವಾರಂಟಿ ಏನೋ, ಎಂತದೋ.
"ಎಂತ ಬರೆದದ್ದು?" ಕೇಳಿದರು.
ನಾನು ಮಗುಚಿ ನೋಡಲಿಲ್ಲ.

ಹೊರಗೆ ಮೊದಲ ಎಕ್ಸ್‌ಪ್ರೆಸ್ಸು
ಹಾರ್ನು ಒತ್ತಿ ಹಿಡಿದೇ ಹಾದುಹೋಯಿತು.
ಎರಡು ನಿಮಿಷ ಲೇಟು.
ಮೂರನೇ ಇಂಜೆಕ್ಟರು ಸರಿ ಇಲ್ಲ.