ಕಂಡದ್ದು

ಚಿನ್ನದ ಕಾನೂನು ಬಂದ ವರ್ಷ
ದಾಮು ಶೇಟರ ಊದುಕೊಳವೆ ತಣ್ಣಗಾಯಿತು.
ಗಾಂಧಿಬಜಾರಿನ ಒಳಗಲ್ಲಿ, ಮೂರು ಮೊಳದ ಜಗುಲಿ,
ಗುಲಗಂಜಿ ತೂಗುವ ತಕ್ಕಡಿಗೆ ತೂಗಲು ಏನೂ ಇಲ್ಲ.
ಆಗ ಮೇಷ್ಟ್ರೊಬ್ಬರು ಬಂದರಂತೆ,
ಕಿವಿಗೆ ದಾರ ಸುತ್ತಿದ ಕನ್ನಡಕ, ನಡುವಿನ ತಂತಿ ಎರಡು ತುಂಡು:
"ಬೆಸೆದು ಕೊಡು ಶೇಟ್, ಪೇಪರು ತಿದ್ದಬೇಕು."
ಅಜ್ಜ ಬೆಸೆದರು, ಮೂಗುತಿ ಬೆಸೆಯುವಷ್ಟೇ ನಾಜೂಕಾಗಿ.
ಎರಡೂ ಕೂರುವುದು ಮೂಗಿನ ಮೇಲೇ ತಾನೆ.

ಅಲ್ಲಿಂದ ಶುರು ನಮ್ಮ ಅಂಗಡಿ.

ಅಪ್ಪನ ಕಾಲಕ್ಕೆ ದುರ್ಗಿಗುಡಿ, ಬೋರ್ಡು, ಟ್ಯೂಬ್‌ಲೈಟು.
ಗಾಜು ಅರೆಯುವ ಮೆಷಿನ್ನಿಗೆ ಅಮ್ಮನ ಆರು ಬಳೆ ಹೋದವು.
ಅಕ್ಕಸಾಲಿಗರ ಸೊಸೆ ಬರಿಗಾಜಿನ ಬಳೆ ಆಡಿಸುತ್ತ ಅಂದಳಂತೆ:
"ಇನ್ನು ನಮ್ಮನೇಲಿ ಎಲ್ಲಾ ಗಾಜೇ."
ನನಗೆ ನೆನಪಿರುವುದು ಸದ್ದು,
ನೀರು ಸುರಿವ ಕಲ್ಲಿಗೆ ಗಾಜು ತಾಗಿ ಚುರ್ ಎನ್ನುವುದು,
ಅಪ್ಪನ ತೋಳಿನ ಕೂದಲಲ್ಲಿ ಬಿಳೀ ಹುಡಿ.

ಈಗ ನೆಹರೂ ರಸ್ತೆ. ಬಾಗಿಲು ತಳ್ಳಿದರೆ ಸದ್ದಿಲ್ಲ.
ಇಟಲಿಯದು, ಜಪಾನಿನದು, ಎಮ್ಮೆಕೋಡಿನ ಕೈಕೆಲಸದ್ದು;
ಬೆಲೆಚೀಟಿ ಒಳಮುಖ, ಕೇಳುವವರಿಗೆ ಮಾತ್ರ.
ಬೇಡವೆಂದಿದ್ದರು ಚಿಕ್ಕಪ್ಪ: "ಈ ಊರಲ್ಲಿ
ಅರವತ್ತು ಸಾವಿರ ಮೂಗಿನ ಮೇಲಿಡೋ ಗಂಡು ಯಾವನಿದಾನೆ?"
ಇದ್ದರು. ಹೆಂಗಸರೂ ಇದ್ದರು.
ಚಿಕ್ಕಪ್ಪ ಪಾಲು ಬಿಡಿಸಿಕೊಂಡು ಭದ್ರಾವತಿಗೆ ಹೋದರು.
ತಕ್ಕಡಿ ಅವರಿಗೆ, ಲೆಕ್ಕದ ಪುಸ್ತಕ ನಮಗೆ.
ಯಾರೂ ಅಳಲಿಲ್ಲ. ತೂಗಿ ಹಂಚಿದ ಮೇಲೆ ಅಳುವುದೇನು.

ನಾಚಿಕೆಯೇನಿಲ್ಲ ನನಗೆ.
ಒಳ್ಳೆಯ ಕೀಲು ಮಡಚುವಾಗ ಬರುವ ಆ ಸಣ್ಣ 'ಟಕ್'
ಅಜ್ಜನಿಗೂ ಇಷ್ಟವಾಗುತ್ತಿತ್ತು, ಬೇಕಾದರೆ ಪಂಥ.

ಈ ಯುಗಾದಿಗೆ ನಲವತ್ತನಾಲ್ಕು. ಊರಿಗೆಲ್ಲ ಕಣ್ಣು ಕೊಟ್ಟವಳು
ಚೀಟಿಯನ್ನು ತೋಳುದ್ದ ಹಿಡಿದು ಓದುತ್ತಿದ್ದೆ.
ತಮ್ಮ ನಿರಂಜನ ನಕ್ಕು, ಪ್ಲಸ್ ಒಂದೂವರೆ ಹಾಕಿಕೊಟ್ಟ.
ಸುಮ್ಮನೆ ಬಿಡಿಸಿದೆ ಅಜ್ಜನ ಪುಸ್ತಕ.
ಹೆಸರು, ಬಂದದ್ದು, ಬಾಕಿ.
ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತಾರೆ;
ಇಲ್ಲಿ ನೋಡಿದರೆ ಬಾಕಿಯೇ ಜಾಸ್ತಿ.
ಅದರಾಚೆ, ಹೊಲಿಗೆಯ ಹತ್ತಿರ,
ಇರುವೆಸಾಲೆಂದು ನಾವೆಲ್ಲ ದಾಟಿದ್ದ ಪೆನ್ಸಿಲ್ಲು:
ಕಂಡದ್ದು.

ಮೇಷ್ಟ್ರು: ನನ್ನನ್ನು. 'ನೀನಿಷ್ಟು ಚಿಕ್ಕವನಾ' ಅಂದರು.
ದರ್ಜಿ ಖಾಸಿಂ: ಸೂಜಿಯ ಕಣ್ಣು.
ಬಸ್ ಏಜೆಂಟ್ ಲೋಬೋ: ಎದುರಂಗಡಿ ಬೋರ್ಡಲ್ಲಿ ಕಾಗುಣಿತ ತಪ್ಪು. ಹೋಗಿ ಜಗಳವಾಡಿದ.
ಸೂಲಗಿತ್ತಿ ಚೌಡಮ್ಮ: ಅಂಗೈ ಗೆರೆ. 'ಇಷ್ಟೊಂದಾ' ಅಂದಳು.
ಹೆಸರು ಹೇಳಲಿಲ್ಲ, ತೀರ್ಥಹಳ್ಳಿ ಕಡೆಯವಳು:
ಬಹಳ ಹೊತ್ತು ಬೀದಿ ನೋಡಿದಳು. ದುಡ್ಡು ಕೇಳಲಿಲ್ಲ.

ಇವತ್ತು ಸಂಜೆ ಒಬ್ಬ ಹುಡುಗ. ಪವರು ಸೊನ್ನೆ,
ಮದುವೆಗೆ ನಾಲ್ಕು ದಿನ.
ಎಮ್ಮೆಕೋಡಿನದ್ದು ಏರಿಸಿ ಕನ್ನಡಿಗೆ ತಿರುಗಿದ,
ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಕಾರ್ಡು ತೆಗೆದ.
ಬಿಲ್ಲು ಬರುವಷ್ಟರಲ್ಲಿ ಕೇಳಿಯೇಬಿಟ್ಟೆ: "ಏನು ಕಾಣ್ತು?"
ಗಾಬರಿಯಾದ. ಮತ್ತೆ ನೋಡಿದ,
ಈ ಸಲ ತಿರುಗದೆ, ನೆಟ್ಟಗೆ.
"ನಮ್ಮಪ್ಪನ ಥರ ಇದೀನಿ," ಅಂದ, ದೂರು ಹೇಳುವವನ ಹಾಗೆ.

ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲ.
ಪುಸ್ತಕ ತರಿಸಿ ಕೂತಿದ್ದೇನೆ,
ಇಷ್ಟು ದೊಡ್ಡ ಅಂಗಡಿಯಲ್ಲಿ
ಒಂದು ಪೆನ್ಸಿಲ್ಲಿಲ್ಲ.