ಬೆಡಗು

ಹರಿಗೋಲು ಬಂಡೆಗೆ ತಾಗಿದ ಸದ್ದಿಗೆ
ಮೊದಲು ಎದ್ದದ್ದು ಕೊಕ್ಕರೆ.
ಸಾಣಾಪುರದ ಕೆಳಗೆ, ಇನ್ನೂ ನಸುಕು.
ಕೈಗವಸು ತೊಟ್ಟು ಹತ್ತುತ್ತೇನೆ,
ಮೂಗು ಮುಂದೆ, ಕಣ್ಣು ಹಿಂದೆ.
ಮೂರು ವರ್ಷದಲ್ಲಿ ಮೂಗು ಕಲಿತ ವಿದ್ಯೆ ಇದು:
ಹಳಸಿದ ಮೀನು, ಅದರಡಿಗೆ ಒಂಚೂರು ಕಸ್ತೂರಿ,
ಅದು ನೀರುನಾಯಿಯದು.
ಬರೀ ಹಳಸಿದ್ದಾದರೆ ಇನ್ಯಾರದೋ.

ಹಿಕ್ಕೆಯೊಳಗೆ ಹುರುಪೆ ಮಿನುಗುತ್ತದೆ.
ಕಡ್ಡಿಯಿಂದ ಮೇಲಷ್ಟೇ ಸವರಿ ಸೀಸೆಗೆ.
ಅಂಕಿ ಸಾಕು ಅನ್ನುತ್ತಾರೆ ಫರ್ಜಾನಾ ಮೇಡಂ,
ನಾನು ಬಂಡೆಯ ಹೆಸರೂ ಬರೆಯುತ್ತೇನೆ:
ಮೂವತ್ತೊಂದು, ಅಗಸರ ಬಂಡೆ.
ಮೂವತ್ತೆರಡು, ಎಮ್ಮೆ ಜಾರಿದ ಬಂಡೆ.
ಮೂವತ್ತಮೂರಕ್ಕೆ ಹೆಸರಿರಲಿಲ್ಲ,
ಮೇಡಂ ಅಲ್ಲಿ ಜಾರಿ ಬಿದ್ದ ದಿನ
ಅಪ್ಪ ಇಟ್ಟ.

ಎಷ್ಟಿವೆ ಅನ್ನುವುದಷ್ಟೇ ಅವರಿಗೆ ಸಾಲದು.
ಯಾವುದು ಯಾವುದರ ಮಗಳು,
ಡ್ಯಾಮಿನ ಮೇಲಿನವೂ ಕೆಳಗಿನವೂ
ಒಂದೇ ಮಂದಿಯೋ ಎರಡೋ.
ಎರಡಾದರೆ ಲೆಕ್ಕ ಎರಡು, ಕಾವಲು ಎರಡು,
ಇಲ್ಲಿ ಸತ್ತದ್ದನ್ನು ಅಲ್ಲಿ ಹುಟ್ಟಿದ್ದು ತುಂಬುವುದಿಲ್ಲ.
ಇದನ್ನು ಕನ್ನಡದಲ್ಲಿ ಹೇಳಲು ಅವರು ತಡವರಿಸುತ್ತಿದ್ದರೆ
ಅಪ್ಪ ಹುಟ್ಟು ಎತ್ತಿ ನಕ್ಕ:
"ಬೆಡಗು ಕೇಳಾಕ ಹತ್ತೀರಿ ಅನ್ರಿ ಮತ್ತ!"

ಹೌದು. ಅಷ್ಟೇ.
ಬೆಡಗು ಕೇಳದೆ ನಮ್ಮಲ್ಲೂ ಹೆಣ್ಣು ಕೊಡುವುದಿಲ್ಲ.
ಅಜ್ಜಿಯ ಅಣ್ಣಂದಿರು ಹಿನ್ನೀರಿನ ದಂಡೆಗೆ ಹೋದವರು,
ಮೊದಮೊದಲು ಲಗ್ನಪತ್ರಿಕೆ ಬರುತ್ತಿತ್ತಂತೆ,
ಆಮೇಲೆ ಸಾವಿನ ಸುದ್ದಿ, ಅದೂ ತಿಥಿ ಮುಗಿದ ಮೇಲೆ,
ಆಮೇಲೆ ಅದೂ ಇಲ್ಲ.
ನನ್ನದೇ ಮೂಗಿನ ಹುಡುಗಿ ಅಲ್ಲೊಬ್ಬಳಿದ್ದರೆ
ನನಗೆ ತಿಳಿಯದು.

ಯರಿಸ್ವಾಮಿ ಮಾವ ಹರಿದ ಬಲೆ ತಂದು ಮುಖಕ್ಕೆ ಹಿಡಿದ:
"ಅದರ ಹೇಲು ಆಯಾಕ ಪಗಾರ ಐತಿ,
ಇದಕ್ಕ?"
ಉತ್ತರ ಇರಲಿಲ್ಲ.
ಮಧ್ಯಾಹ್ನದವರೆಗೆ ಕೂತು ಅವನ ಜೊತೆ ಬಲೆ ಹೆಣೆದೆ.
ಮರುವಾರ ಮತ್ತೆ ಹರಿದಿತ್ತು.

ಪ್ರಯೋಗಾಲಯದಿಂದ ಕಾಗದ ಬಂತು ಕಾರ ಹುಣ್ಣಿಮೆ ಹೊತ್ತಿಗೆ.
ತೊಂಬತ್ತಾರು ಸೀಸೆ.
ಅರ್ಧಕ್ಕರ್ಧ ಬಿಸಿಲಿಗೆ ಬೆಂದು ಬಾಯಿ ಬಿಡಲಿಲ್ಲ.
ನಾಲ್ಕು, ಊರ ನಾಯಿಯವು
(ಆ ವಾರ ನನಗೆ ನೆಗಡಿ).
ಉಳಿದದ್ದರಲ್ಲಿ ಸಿಕ್ಕ ಜೀವ ಹತ್ತೊಂಬತ್ತು.
ನಾನು ನಲವತ್ತು ಎಣಿಸಿಕೊಂಡಿದ್ದೆ;
ಅವವೇ ಬಂದು ಬಂದು ಹೋಗಿದ್ದವು,
ಬಂಡೆ ಬೇರೆ, ಹೊಟ್ಟೆ ಅದೇ.
ಮೇಲಿನವು ಕೆಳಗಿನವು ಬೇರೆಯಾಗತೊಡಗಿವೆ,
ಕೆಳಗಿನವು ಹೆಚ್ಚುಕಡಿಮೆ ಒಬ್ಬಳೇ ಅಜ್ಜಿಯ ಕಡೆಯವು.
ತಪ್ಪಿದ್ದು ಒಂದೇ: ಎಂಬತ್ತೇಳು.
ಗಂಡು. ಸಿಕ್ಕಿದ್ದು ಕೆಳಗೆ. ಬೆಡಗು ಮೇಲಿನದು.

ಮೇಡಂ ನನ್ನನ್ನು ನೋಡಿದರು.
ಚೀಟಿ ಅದಲುಬದಲು ಆಗಿರಬಹುದಾ?
ಸೀಸೆಯ ಮೇಲೆ ನನ್ನ ಅಂಕುಡೊಂಕು ಅಕ್ಷರ:
ಎಮ್ಮೆ ಜಾರಿದ ಬಂಡೆ.
ಅಂಕಿ ಸುಳ್ಳಾಡಬಹುದು,
ಎಮ್ಮೆ ಜಾರಿದ ಬಂಡೆ ಇರುವುದು ಒಂದೇ.

ಹಾಗಾದರೆ ಅಷ್ಟೆತ್ತರದ ಗೋಡೆ ಇಳಿದದ್ದು ಹೇಗೆ?

ಅಪ್ಪ ಹರಿಗೋಲಿಗೆ ಡಾಂಬರು ಬಳಿಯುತ್ತಿದ್ದ.
ತಲೆ ಎತ್ತಲಿಲ್ಲ.
"ಹೋದ್ ಬ್ಯಾಸಗಿ ಎಡದಂಡಿ ಕಾಲುವಿ ಬಂದ್ ಆದಾಗ
ಕೆಸರಿನ್ಯಾಗ ಹೆಜ್ಜಿ ಇದ್ದುವು. ಬಾಲ ಎಳದ ಗೆರಿ.
ಮ್ಯಾಲಿಂದ ಕೆಳಗ.
ಹೊಳ್ಳಿ ಹೋದದ್ದು ಕಾಣಲಿಲ್ಲ."
ಯಾಕೆ ಹೇಳಲಿಲ್ಲ?
"ನೀವು ಕಲ್ಲು ಕೇಳಿದ್ರಿ.
ಕಾಲುವಿ ಯಾರು ಕೇಳಿದ್ರು?"

ಮೇಡಂ ಅವತ್ತು ನಕಾಶೆ ಬಿಚ್ಚಿ
ಡ್ಯಾಮಿನ ಮೇಲೆಳೆದ ಕೆಂಪು ಗೆರೆಯನ್ನು ಅಳಿಸಲಿಲ್ಲ.
ಅದರ ಪಕ್ಕ, ಕಾಲುವೆ ಗುಂಟ,
ಪೆನ್ಸಿಲಿನಲ್ಲಿ ತೆಳ್ಳಗೆ ಚುಕ್ಕಿ ಇಟ್ಟರು,
ನೀರು ನಿಲ್ಲಿಸುವ ತಿಂಗಳು ಬರೆದರು,
ಅಪ್ಪನ ಹೆಸರು ಕೇಳಿದರು.
"ಗಾದಿಲಿಂಗ," ಅಂದ ಅಪ್ಪ,
ಕೇಳದಿದ್ದರೂ ಬೆಡಗು ಸೇರಿಸಿ.

ಇವತ್ತು ಅದೇ ಬಂಡೆಯ ಮೇಲೆ ಹಸಿ ಹಿಕ್ಕೆ,
ಪಕ್ಕದಲ್ಲಿ ಹೆಬ್ಬೆರಳಷ್ಟು ಇನ್ನೊಂದು,
ಒಳಗೆ ಎಳೆ ಏಡಿಯ ಚೂರು.
ಸೀಸೆ ತೆರೆದೆ. ತಾರೀಖು ಬರೆದೆ.
ಕೆಳಗಿನಿಂದ ಅಪ್ಪ: "ಯಾರ ಕೂಸು?"
ಮೂಗು ಅಷ್ಟು ಹೇಳುವುದಿಲ್ಲ, ಅಪ್ಪ.
ಹರಿಗೋಲು ಸ್ವಲ್ಪ ಹತ್ತಿರ ತಾ,
ಬಂಡೆ ಜಾರುತ್ತಿದೆ.